ಸಮಾನಾಂತರ ಲೋಕದ ಸರ್ವಾಧಿಕಾರಿ: ಮೂಲ ಗೊತ್ತಿಲ್ಲದವನನ್ನು ಕಥೆಯಲ್ಲಿ ನಿಲ್ಲಿಸುವುದು ಹೇಗೆ?

ಅರೆಬೆಳಕು

ವೈಜ್ಞಾನಿಕ ಕಿರುಕಾದಂಬರಿಯೊಂದರ ಕರಡು ಇದೆ, ಸುಮಾರು 40,000 ಪದ. ಅದರ ಲೋಕ ನಮ್ಮದರಿಂದ ಕವಲೊಡೆಯುವುದು 1977ರ ಜನವರಿ 18ರಂದು. ಆ ದಿನ ನಮ್ಮಲ್ಲಿ ಲೋಕಸಭಾ ಚುನಾವಣೆ ಘೋಷಣೆಯಾಯಿತು. ಅಲ್ಲಿ ಆಗಲಿಲ್ಲ, ತುರ್ತು ಪರಿಸ್ಥಿತಿ ಮುಂದುವರಿಯಿತು. ನಾಲ್ಕೈದು ವರ್ಷದ ಗೊಂದಲದ ಬಳಿಕ ದಕ್ಷಿಣದ ರಾಜ್ಯಗಳು 'ದಂಡನಾಯಕ' ಎಂಬೊಬ್ಬನ ಕೈಗೆ ಬರುತ್ತವೆ. ಅವನು ಯಾರ ಮಗ, ಯಾವ ಊರಿನವನು ಎಂದು ಯಾರಿಗೂ ಗೊತ್ತಿಲ್ಲ. ವದಂತಿ ಮೂರು. ವಿಜಯಪುರದ ಕಡೆಯ ಬಡ ರೈತನ ಮಗ ಅನ್ನುವುದು ಸರ್ಕಾರದ ಮಾತು. ಶರಾವತಿ ಹಿನ್ನೀರಿನಲ್ಲಿ ಮುಳುಗಿದ ಹಳ್ಳಿಯ ಅನಾಥ ಅನ್ನುವುದು ವಿರೋಧಿಗಳ ಮಾತು. ನಮ್ಮ ಲೋಕದಿಂದ ದಾಟಿ ಬಂದವನು ಅನ್ನುವುದು ಮೂರನೆಯದು.

ಓದಿದವರಿಗೆಲ್ಲ ಆರನೇ ಅಧ್ಯಾಯದ ಹೊತ್ತಿಗೆ 'ಯಾರಾದರೇನು' ಅನ್ನಿಸುತ್ತಿದೆ. ಗುಟ್ಟನ್ನು ಕೊನೆಯ ಪುಟದಲ್ಲಿ ಬಿಚ್ಚಬೇಕೇ, ಬಿಚ್ಚಲೇಬಾರದೇ?

ಕತ್ತರಿ

ಬಿಚ್ಚುವುದು, ಮುಚ್ಚುವುದು ಆಮೇಲಿನ ಮಾತು. ನಿಮ್ಮ ಮೂರು ವದಂತಿಗಳು ಸುಮ್ಮನೆ ಗಾಳಿಯಲ್ಲಿವೆ. ಒಂದೊಂದಕ್ಕೂ ನಾಲ್ಕು ಸಂಗತಿ ಗಂಟು ಹಾಕಿ: ಹೇಳುವವರು ಯಾರು, ಹೇಳುವುದರಿಂದ ಅವರಿಗೇನು ಲಾಭ, ಕೈಯಲ್ಲಿ ಹಿಡಿದು ತೋರಿಸಬಹುದಾದ ಒಂದು ವಸ್ತು, ಮತ್ತು ಆ ಕಥೆಗೆ ಹೊಂದದ ಒಂದು ಸಂಗತಿ. ನಾಲ್ಕನೆಯದು ಇಲ್ಲದ ವದಂತಿಯನ್ನು ಓದುಗ ನಂಬಿ ಮರೆಯುತ್ತಾನೆ, ಮೂರನೆಯದು ಇಲ್ಲದ್ದನ್ನು ನಂಬದೆ ಮರೆಯುತ್ತಾನೆ.

ಅಳತೆಯ ಮಾತು: 40,000 ಪದದಲ್ಲಿ ಮೂಲದ ವಿಚಾರಣೆಗೆ 5,000 ಪದ ಮೀರಬೇಡಿ. ಅದನ್ನು ಒಂದೇ ಕಡೆ ಸುರಿಯದೆ ಆರೇಳು ದೃಶ್ಯಗಳಿಗೆ ಹಂಚಿ. ಮೂರಕ್ಕಿಂತ ಹೆಚ್ಚು ವದಂತಿ ಬೇಡ. ನಾಲ್ಕನೆಯದು ಬಂದ ಕೂಡಲೇ ಓದುಗ ಲೆಕ್ಕ ಇಡುವುದನ್ನು ಬಿಡುತ್ತಾನೆ, ನಿಮ್ಮ ಆರನೇ ಅಧ್ಯಾಯದಲ್ಲೂ ಹೀಗೇ ಏನೋ ಆಗಿರಬೇಕು.

ಮುದ್ರೆಯುಂಗುರ

ಇತಿಹಾಸದಲ್ಲಿ ಇದಕ್ಕೆ ಒಳ್ಳೆಯ ಮಾದರಿಗಳಿವೆ. ಮಾಂಟೆನೆಗ್ರೊದ ಶ್ಚೆಪಾನ್ ಮಾಲಿಯನ್ನೇ ನೋಡಿ. ರಷ್ಯಾದ ಮೂರನೇ ಪೀಟರ್ 1762ರಲ್ಲೇ ಸತ್ತಿದ್ದ. ಕೆಲವು ವರ್ಷಗಳ ನಂತರ ಆಡ್ರಿಯಾಟಿಕ್ ಕರಾವಳಿಯಲ್ಲಿ ಕಾಣಿಸಿಕೊಂಡ ಈ ಅಪರಿಚಿತನೇ ಆ ಪೀಟರ್ ಎಂದು ಸುದ್ದಿ ಹಬ್ಬಿತು. ಅವನು ಹೌದು ಅಂತ ಬಾಯಿಬಿಟ್ಟು ಸಾರಲಿಲ್ಲ, ಅಲ್ಲ ಅಂತಲೂ ಹೇಳಲಿಲ್ಲ. ಮಾತಾಡುವ ಕೆಲಸವನ್ನು ಜನಕ್ಕೇ ಬಿಟ್ಟ. 1769ರಲ್ಲಿ ರಷ್ಯಾದ ದೂತ ಡೊಲ್ಗೊರುಕೊವ್ ಬಂದು ಇವನು ವಂಚಕ ಎಂದು ಜನರ ಮುಂದೆ ಸಾರಿ ಸೆರೆಗೆ ಹಾಕಿದ. ಆಮೇಲೆ ಆ ಜಗಳಗಂಟ ಕುಲಗಳನ್ನು ಹಿಡಿದಿಡುವವರು ಬೇರೆ ಯಾರೂ ಸಿಗದೆ, ಹೋಗುವಾಗ ಅಧಿಕಾರವನ್ನು ಅದೇ ವಂಚಕನಿಗೆ ಒಪ್ಪಿಸಿ ಹೋದ! ಶ್ಚೆಪಾನ್ 1773ರವರೆಗೆ ಆಳಿದ. ಕೊನೆಗೆ ಶ್ಕೋಡ್ರದ ಪಾಷಾನ (ತುರ್ಕರ ಪ್ರಾಂತಾಧಿಕಾರಿ) ದುಡ್ಡು ತಿಂದು ಅವನನ್ನು ಕೊಂದದ್ದು ಅವನ ಕ್ಷೌರಿಕ. ಎಲ್ಲಿಯವನು ಎಂಬುದು ಇವತ್ತಿಗೂ ತೀರ್ಮಾನವಾಗಿಲ್ಲ.

ನಿಮ್ಮ ಕಥೆಯ ಕೀಲಿ ಇಲ್ಲಿದೆ ಅನ್ನಿಸುತ್ತದೆ. ಗುಟ್ಟು ಹೊರಬಿದ್ದ ಮೇಲೂ ಆಡಳಿತ ನಡೆಯಿತು. ಹಾಗಾಗಿ ಗುಟ್ಟನ್ನು ಕೊನೆಗೆ ಇಡಬೇಡಿ, ಮಧ್ಯದಲ್ಲೇ ಒಡೆಯಿರಿ. ಗೊತ್ತಾದ ಮೇಲೆ ಜನ ಏನು ಮಾಡುತ್ತಾರೆ ಎಂಬುದರಲ್ಲಿ ಇನ್ನೂ 20,000 ಪದಕ್ಕೆ ಸಾಲುವಷ್ಟು ಸರಕಿದೆ.

ಅರೆಬೆಳಕು

ಇದು ಹೊಳೆದಿರಲಿಲ್ಲ. ಆದರೆ ವಂಚಕ ಅಂತ ಗೊತ್ತಾದ ಮೇಲೂ ಜನ ಯಾಕೆ ಒಪ್ಪುತ್ತಾರೆ? ಭಯ ಒಂದೇ ಕಾರಣ ಅಂದರೆ ತೆಳುವಾಗುತ್ತದೆ.

ಮುದ್ರೆಯುಂಗುರ

ಗುರುತಿಸುವವರಿಗೆ ಆಗುವ ಲಾಭವನ್ನು ನೋಡಿ. ರಷ್ಯಾದ ರಾಜಕುಮಾರ ಡಿಮಿಟ್ರಿ 1591ರಲ್ಲಿ ಉಗ್ಲಿಚ್‌ನಲ್ಲಿ ಸತ್ತ. 1605ರಲ್ಲಿ ಅವನ ಹೆಸರಿನಲ್ಲಿ ಬಂದವನನ್ನು ಡಿಮಿಟ್ರಿಯ ಹೆತ್ತ ತಾಯಿಯೇ ಮಗ ಎಂದು ಅಪ್ಪಿಕೊಂಡಳು. ಬಲವಂತವಾಗಿ ಸನ್ಯಾಸಿನಿ ಮಾಡಿ ದೂರ ಅಟ್ಟಿದ್ದವಳಿಗೆ ಅದರಿಂದ ರಾಜಧಾನಿ ಸಿಕ್ಕಿತು. ಮರುವರ್ಷ ಅವನನ್ನು ಕೊಂದ ಮೇಲೆ ತನ್ನ ಮಾತನ್ನು ಹಿಂತೆಗೆದುಕೊಂಡಳು. ಆಮೇಲೆ ಎರಡನೆಯ ನಕಲಿ ಡಿಮಿಟ್ರಿಯೂ ಬಂದ, ಮೊದಲನೆಯವನ ಹೆಂಡತಿ ಅವನನ್ನೂ ಗಂಡ ಎಂದು ಒಪ್ಪಿದಳು. ಸಾಕ್ಷಿ ಹೇಳುವವರಿಗೆ ಬೆಲೆ ಸಿಗುವವರೆಗೆ ಮೂಲ 'ಖಚಿತ'ವಾಗಿಯೇ ಇರುತ್ತದೆ.

ನಮ್ಮ ಕಡೆಯೂ ಕಡಿಮೆ ಇಲ್ಲ. 1763ರಲ್ಲಿ ಹೈದರಾಲಿ ಕೆಳದಿ ನಾಯಕರ ರಾಜಧಾನಿ ಬಿದನೂರಿನ ಮೇಲೆ ನಡೆದಾಗ, ಕೊಲೆಯಾದನೆಂದು ಸುದ್ದಿಯಿದ್ದ ಅಲ್ಲಿಯ ಅರಸ ಚೆನ್ನಬಸಪ್ಪ ನಾಯಕ ತಾನೇ ಎನ್ನುತ್ತಿದ್ದ ಹುಡುಗನೊಬ್ಬ ಜೊತೆಗಿದ್ದ. ಬಿದನೂರು ಕೈಗೆ ಬಂದ ಮೇಲೆ ರಾಣಿ ವೀರಮ್ಮಾಜಿಯ ಜೊತೆ ಆ ಹುಡುಗನನ್ನೂ ಮಧುಗಿರಿಯ ಸೆರೆಗೆ ಕಳಿಸಿದರು. 1830ರ ನಗರದ (ಬಿದನೂರಿನ ಆಮೇಲಿನ ಹೆಸರು) ರೈತ ದಂಗೆಯಲ್ಲಿ ಸದರಮಲ್ಲ ಎಂಬವನು ಬೂದಿ ಬಸವಪ್ಪ ನಾಯಕನಾಗಿ ಆ ಸಿಂಹಾಸನಕ್ಕೆ ಹಕ್ಕು ಹೂಡಿದ, ಹಳೆಯ ಅರಸರ ಮುದ್ರೆಗಳು ಅವನ ಹತ್ತಿರ ಇದ್ದವು ಎನ್ನುತ್ತಾರೆ. 1837ರ ಅಮರಸುಳ್ಯದ ದಂಗೆಯಲ್ಲಿ ಪುಟ್ಟಬಸಪ್ಪ ಕೊಡಗಿನ ಅರಸುಮನೆತನದವನೆನಿಸಿದ್ದ ಕಲ್ಯಾಣಸ್ವಾಮಿಯ ಹೆಸರು ಹೊತ್ತು ಮಂಗಳೂರಿನವರೆಗೆ ಬಂದು, ಸುಮಾರು ಎರಡು ವಾರ ಊರನ್ನು ಹಿಡಿದಿದ್ದ. ಇವರ ಹಿಂದೆ ಬಂದವರಲ್ಲಿ ಎಲ್ಲರೂ ಮೋಸಹೋದವರಲ್ಲ. ಕಂದಾಯದ ಸಿಟ್ಟಿಗೆ ಒಂದು ಹೆಸರು ಬೇಕಾಗಿತ್ತು, ಸಿಕ್ಕಿತು.

ಬಿರುದು ಹುಡುಕುತ್ತಿದ್ದರೆ ಪುಕ್ಕಟೆ ಒಂದಿದೆ. 1799ರಲ್ಲಿ ಶ್ರೀರಂಗಪಟ್ಟಣದ ಸೆರೆಯಿಂದ ಹೊರಬಿದ್ದ ಧೋಂಡಿಯ ವಾಘ್ ತನ್ನನ್ನು 'ಉಭಯಲೋಕಾಧೀಶ್ವರ' ಎಂದು ಕರೆದುಕೊಂಡಿದ್ದ. ಮರುವರ್ಷ ಸೆಪ್ಟೆಂಬರ್ 10ರಂದು ಬ್ರಿಟಿಷ್ ಸೇನಾಧಿಕಾರಿ ವೆಲ್ಲೆಸ್ಲಿಯ ಕುದುರೆಪಡೆ ಅವನನ್ನು ಕೊಂದಿತು. ಎರಡು ಲೋಕದ ಕಥೆಗೆ ಇದಕ್ಕಿಂತ ಒಳ್ಳೆಯ ಬಿರುದನ್ನು ಕಲ್ಪಿಸಿ ಬರೆಯುವುದು ಕಷ್ಟ.

ಜೋಳದಹೊಲ

ಎಲ್ಲಾ ಖರೆ ಅದ, ಆದ್ರ ಒಂದು ತೂತು ಯಾರಿಗೂ ಕಾಣವಲ್ತು. ದಂಡನಾಯಕ ರೇಡಿಯೋದಾಗ ಮಾತಾಡ್ತಾನ ಅಂದ ಮ್ಯಾಲ ಅಂವ ಯಾವ ಕಡೆಯಂವ ಅನ್ನೋದು ಒಂದು ವಾರದಾಗ ಗೊತ್ತಾಗಿಬಿಡ್ತದ. 'ಎಲ್ಲಿ ಹೊಂಟಿ' ಅಂದ್ರ ಈ ಕಡೆ, 'ಎಲ್ಗೋಯ್ತಿದ್ದೀಯ' ಅಂದ್ರ ಮಂಡ್ಯದ ಕಡೆ. ವಿಜಾಪುರದಂವ ಅಂತ ಹೇಳ್ಕೊಂಡು 'ಹೋಗ್ತೇನೆ ಮಾರಾಯ್ರೆ' ಅಂದ್ರ ಸಂತ್ಯಾಗ ಕುಂತ ಮುದುಕಿನೂ ನಗ್ತಾಳ.

ಅದಕ್ಕ ಅಂವಗ ಪುಸ್ತಕದ ಕನ್ನಡ ಕೊಡ್ರಿ. ವಾರ್ತಾ ಓದೋರ ಹಂಗ, ಊರಿಲ್ಲದ ಕನ್ನಡ. ಅದನ್ನ ಜನ 'ಎಷ್ಟು ಶುದ್ಧ' ಅಂತ ಹೊಗಳಲಿ. ಜಾರೋದು ಭಾಷಣದಾಗ ಅಲ್ಲ. ಒಳಗೊಳಗ ಎಣಿಸುವಾಗ, ಕಾಲಿಗೆ ಕಲ್ಲು ಬಡಿದಾಗ, ಜ್ವರದಾಗ ತಾಯಿನ್ನ ಕರೆಯುವಾಗ ಜಾರ್ತದ. ಅವ್ವ, ಅಮ್ಮ, ಆಯಿ, ಅಬ್ಬೆ, ಈ ನಾಕರಾಗ ಯಾವುದು ಬಾಯಿಂದ ಬಂತು ಅನ್ನೋದನ್ನ ನರ್ಸ್ ಒಬ್ಬಾಕಿ ಕೇಳಿಸ್ಕೊಳ್ಳಲಿ. ಪೂರಾ ಕಾದಂಬರಿಗೆ ಇಂಥಾ ಜಾರು ಎರಡೇ ಸಾಕು. ಮೂರನೇದು ಬಂತು ಅಂದ್ರ ಲೇಖಕ ಬೇಕಂತ ಇಟ್ಟಾನ ಅಂತ ಗೊತ್ತಾಗ್ತದ.

ಶಾನುಭೋಗರ_ಕಂತೆ

ದಾಖಲೆಯ ಕಡೆಗೆ ಬರೋಣ. ದಂಡನಾಯಕ ಹುಟ್ಟಿದ್ದು 1950 ಎಂದಿಟ್ಟುಕೊಳ್ಳಿ. ಜನನ ಮರಣ ನೋಂದಣಿ ಕಾಯ್ದೆ ಬಂದದ್ದು 1969ರಲ್ಲಿ. ಅದಕ್ಕೆ ಮುಂಚೆ ಹಳೇ ಮೈಸೂರಿನ ಹಳ್ಳಿಗಳಲ್ಲಿ ಬರೆದಿಡುತ್ತಿದ್ದವರು ಪಟೇಲರು, ಶಾನುಭೋಗರು. ಬಹಳ ಮಕ್ಕಳ ವಿಷಯದಲ್ಲಿ ಅದೂ ಇಲ್ಲ, ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದದ್ದೇ ಹುಟ್ಟಿದ ದಿನ. ಜೂನ್ 1 ಹುಟ್ಟುಹಬ್ಬದವರು ಆ ತಲೆಮಾರಿನಲ್ಲಿ ಎಷ್ಟು ಜನ ಎಂದು ಎಲ್ಲರಿಗೂ ಗೊತ್ತು.

ಆದ್ದರಿಂದ ಅವನಿಗೆ ಚಿನ್ನದ ಮುದ್ರೆಯ ಖೋಟಾ ಪತ್ರ ಸೃಷ್ಟಿಸಬೇಡಿ. 1-6-1950 ಎಂದಿರುವ ಸಾದಾ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಕೊಡಿ. ಅದು ಸುಳ್ಳಲ್ಲ, ಅದರಿಂದ ಏನೂ ತಿಳಿಯುವುದೂ ಇಲ್ಲ. ಅಧಿಕಾರಕ್ಕೆ ಬಂದ ಮೇಲೆ ತಡವಾದ ನೋಂದಣಿ ಮಾಡಿಸಲಿ. ಆ ಕಾಯ್ದೆಯ 13ನೇ ಕಲಮಿನ ಪ್ರಕಾರ ಒಂದು ವರ್ಷ ದಾಟಿದ ಜನನವನ್ನು ಬರೆಸಲು ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ ಆದೇಶ ಬೇಕಿತ್ತು (2023ರ ತಿದ್ದುಪಡಿಯ ಮೇಲೆ ಬದಲಾಗಿದೆ, ನಿಮ್ಮ ಲೋಕಕ್ಕೆ ಅದು ಬೇಡ). ಆ ಮ್ಯಾಜಿಸ್ಟ್ರೇಟ್, ಸಹಿ ಹಾಕಿದ ಇಬ್ಬರು ಸಾಕ್ಷಿಗಳು, ದಾಖಲೆ ಕೊಠಡಿಯ ಗುಮಾಸ್ತ: ನಾಲ್ಕು ಪಾತ್ರಗಳು ತಾವಾಗಿ ಹುಟ್ಟಿದವು. ನಾಲ್ವರಲ್ಲಿ ಒಬ್ಬನಾದರೂ ಬದುಕಿರಬೇಕು.

ಕಾಗದಗಳನ್ನೆಲ್ಲ ಸುಟ್ಟ ಮೇಲೂ ಉಳಿಯುವವರು ಹೆಳವರು. ಎತ್ತಿನ ಮೇಲೆ ಊರೂರು ತಿರುಗಿ, ಮನೆಮನೆಯ ವಂಶಾವಳಿ ಹೇಳಿ ಕಾಳುಕಡ್ಡಿ ಪಡೆಯುವವರು. ಮನೆತನ ಎಲ್ಲಿಂದ ಬಂತು, ಯಾರಿಗೆ ಎಷ್ಟು ಗಂಡುಮಕ್ಕಳು ಎಲ್ಲ ಅವರ ಬಾಯಲ್ಲಿ, ಹಳೆಯ ಹೊತ್ತಗೆಗಳಲ್ಲಿ ಇರುತ್ತದೆ. ಇಂಥ ಆಡಳಿತ ಮೊದಲು ನಿಷೇಧಿಸಬೇಕಾದದ್ದು ಪತ್ರಿಕೆಯನ್ನಲ್ಲ, ಹೆಳವರ ಸಂಚಾರವನ್ನು.

ಮುದ್ರೆಯುಂಗುರ

ಹೊಸ ಪತ್ರ ಬರೆಯುವುದಕ್ಕಿಂತ ಹಳೆಯದರಲ್ಲಿ ಒಂದು ಪದ ತಿದ್ದುವುದೇ ಹೆಚ್ಚು ನಂಬಿಕೆ ಹುಟ್ಟಿಸುತ್ತದೆ. ಹಿಟ್ಲರನ ಅಪ್ಪ ಅಲೋಯಿಸ್ 1837ರಲ್ಲಿ ಹುಟ್ಟಿದಾಗ ಚರ್ಚಿನ ಪುಸ್ತಕದಲ್ಲಿ ತಂದೆಯ ಹೆಸರಿನ ಜಾಗ ಖಾಲಿ ಇತ್ತು. 1876ರಲ್ಲಿ ಪಾದ್ರಿ ಅದೇ ಪುಟದಲ್ಲಿ ಹೆಸರು ತುಂಬಿದ. ಸ್ಟಾಲಿನ್‌ಗೆ ಚರ್ಚಿನ ಲೆಕ್ಕದಲ್ಲಿ ಹುಟ್ಟಿದ ವರ್ಷ 1878, ಸರ್ಕಾರಿ ಆಚರಣೆಯಲ್ಲಿ 1879. ಉತ್ತರ ಕೊರಿಯಾದ ಕಿಮ್ ಜಾಂಗ್ ಇಲ್ ಸೋವಿಯತ್ ದಾಖಲೆಯಂತೆ 1941ರಲ್ಲಿ ವ್ಯಾಟ್‌ಸ್ಕೊಯೆ ಎಂಬ ಹಳ್ಳಿಯಲ್ಲಿ ಹುಟ್ಟಿದವ, ಅಧಿಕೃತ ಕಥೆಯಲ್ಲಿ 1942ರಲ್ಲಿ ಪೆಕ್ತು ಬೆಟ್ಟದ ಗುಪ್ತ ಶಿಬಿರದಲ್ಲಿ. ವರ್ಷ ಒಂದೇ ಒಂದು ಜರುಗಿದೆ. ಅಪ್ಪ ಹುಟ್ಟಿದ 1912ಕ್ಕೆ ಸರಿಯಾಗಿ 30 ಕೂಡುತ್ತದೆ, ಅಷ್ಟು ಸಾಕು.

ಅರ್ಧಾಯುಷ್ಯ

ಸಮಾನಾಂತರ ಲೋಕದ ಲೆಕ್ಕವನ್ನು ಯಾರೂ ಮುಟ್ಟಿಲ್ಲ. ಕವಲು 1977, ಹುಟ್ಟು 1950. ಅಂದರೆ ಅವನು ಎರಡೂ ಲೋಕದಲ್ಲಿ ಒಬ್ಬೊಬ್ಬ ಇದ್ದಾನೆ. ಇದು ಮುಖ್ಯ. ಕವಲನ್ನು 1800ಕ್ಕೆ ಒಯ್ದಿದ್ದರೆ ಅವನ ಜೋಡಿ ನಮ್ಮಲ್ಲಿ ಇರುವುದೇ ಅಸಾಧ್ಯವಾಗುತ್ತಿತ್ತು. ಗರ್ಭ ಕಟ್ಟುವುದು ಗಳಿಗೆಯ ಆಟ, ಒಂದು ಕ್ಷಣ ಆಚೀಚೆಯಾದರೂ ಹುಟ್ಟುವುದು ಬೇರೆ ಮಗು. ಬಹಳ ಕಥೆಗಳು ಕೆಡುವುದು ಇಲ್ಲೇ, ಇನ್ನೂರು ವರ್ಷದ ಹಿಂದೆ ಇತಿಹಾಸ ಬದಲಿಸಿ ಅದೇ ಮುಖಗಳನ್ನು ಇಟ್ಟುಕೊಳ್ಳುತ್ತಾರೆ.

ಈಗ ದೇಹಗಳ ಲೆಕ್ಕ. ಮೊದಲಿಗೆ ದೇಹ ಎರಡು, ಲೋಕಕ್ಕೊಂದು. ಇಲ್ಲಿಯವನೇ ಅಲ್ಲಿಗೆ ದಾಟಿದ ಎಂದರೆ ಅಲ್ಲಿ ಇಬ್ಬರು, ಇಲ್ಲಿ ಸೊನ್ನೆ. ಅಲ್ಲಿಯ ಇನ್ನೊಬ್ಬ ಎಲ್ಲಿ? ಸತ್ತಿದ್ದರೆ ಯಾವಾಗ, ಹೂತದ್ದು ಯಾರು? ಇದನ್ನು ಬರೆದಿಟ್ಟುಕೊಳ್ಳದೆ ಮುಂದೆ ಹೋಗಬೇಡಿ.

ಡಿಎನ್‌ಎ ಇಲ್ಲಿ ಕೆಲಸಕ್ಕೆ ಬಾರದು, ಇಬ್ಬರದೂ ಒಂದೇ. ಬೆರಳಚ್ಚು ಗರ್ಭದಲ್ಲೇ ರೂಪುಗೊಳ್ಳುವುದರಿಂದ ಅದೂ ಒಂದೇ. ಬೇರೆಯಾಗುವುದು 1977ರ ನಂತರ ಮೈಯೊಳಗೆ ಸೇರಿದ್ದು ಮಾತ್ರ: ಹಲ್ಲಿಗೆ ತುಂಬಿಸಿದ ಸಿಮೆಂಟು, ಹೊಲಿಗೆಯ ಗುರುತು, ಮೂಳೆಯ ಸೀಸ. ಭಾರತದಲ್ಲಿ ಸೀಸ ಬೆರೆಸಿದ ಪೆಟ್ರೋಲ್ 2000ದಲ್ಲಿ ನಿಂತಿತು. ಅಲ್ಲಿ ನಿಂತಿಲ್ಲ ಎಂದಿಟ್ಟರೆ, ಮೂಳೆಯಲ್ಲಿ ಸೀಸ ದಶಕಗಟ್ಟಲೆ ಉಳಿಯುವುದರಿಂದ ಯಾವ ಲೋಕದ ಗಾಳಿ ಕುಡಿದವನು ಎಂದು ಅಂದಾಜಿಸಬಹುದು.

ಅರೆಬೆಳಕು

ಅಣುಬಾಂಬ್ ಪರೀಕ್ಷೆಗಳಿಂದ ಹಲ್ಲಿನಲ್ಲಿ ಉಳಿಯುವ ಕಾರ್ಬನ್-14ರಿಂದ (ವಿಕಿರಣ ಸೂಸುವ ಕಾರ್ಬನ್) ಲೋಕ ಯಾವುದು ಎಂದು ಪತ್ತೆ ಮಾಡಿಸಬೇಕೆಂದಿದ್ದೆ. ಅದು ನಡೆಯುತ್ತದೆಯೇ?

ಅರ್ಧಾಯುಷ್ಯ

ಲೋಕ ಗೊತ್ತಾಗದು. ಬಯಲಿನ ಪರೀಕ್ಷೆಗಳು ಜೋರಾಗಿದ್ದದ್ದು 1963ರ ಪರೀಕ್ಷಾ ನಿಷೇಧ ಒಪ್ಪಂದದವರೆಗೆ, ನಿಮ್ಮ ಕವಲಿಗಿಂತ ಮುಂಚೆ. ಎರಡೂ ಲೋಕದ ಗಾಳಿ ಆಗ ಒಂದೇ. ಆದರೆ ವಯಸ್ಸಿನ ಸುಳ್ಳು ಸಿಕ್ಕಿಬೀಳುತ್ತದೆ.

ಎನಾಮೆಲ್ (ಹಲ್ಲಿನ ಗಟ್ಟಿ ಹೊರಪದರ) ಒಮ್ಮೆ ಕಟ್ಟಿದರೆ ಮತ್ತೆ ಬದಲಾಗುವುದಿಲ್ಲ, ಕಟ್ಟಿದಾಗಿನ ಗಾಳಿಯ ಕಾರ್ಬನ್ ಅದರಲ್ಲಿ ಮುಚ್ಚಿಹೋಗುತ್ತದೆ. ಮೊದಲ ದವಡೆ ಹಲ್ಲಿನ ಎನಾಮೆಲ್ ಸುಮಾರು ಮೂರು ವಯಸ್ಸಿಗೆ ಮುಗಿಯುತ್ತದೆ, ಬುದ್ಧಿ ಹಲ್ಲಿನದು ಹನ್ನೆರಡು ದಾಟಿದ ಮೇಲೆ. ಗಾಳಿಯ ಕಾರ್ಬನ್-14 ಐವತ್ತರ ದಶಕದ ಮಧ್ಯದಿಂದ ಏರಿ ಅರುವತ್ತರ ದಶಕದ ಮಧ್ಯಕ್ಕೆ ಹತ್ತಿರಹತ್ತಿರ ಇಮ್ಮಡಿಯಾಯಿತು. ಅವನು ನಿಜವಾಗಿ 1950ರವನಾದರೆ ಮೊದಲ ದವಡೆ ಹಲ್ಲಿನಲ್ಲಿ ಏರಿಕೆ ಇರಬಾರದು, ಬುದ್ಧಿ ಹಲ್ಲಿನಲ್ಲಿ ಚೆನ್ನಾಗಿ ಕಾಣಬೇಕು. 1940ರವನಾದರೆ ಎರಡರಲ್ಲೂ ಹೇಳಿಕೊಳ್ಳುವಂಥದ್ದೇನೂ ಇರದು. ಹಾಗಾಗಿ ಎರಡು ಹಲ್ಲು ಬೇಕು, ಒಂದು ಸಾಲದು.

ಇನ್ನು ತೊಡಕು. ಎನಾಮೆಲ್‌ನಲ್ಲಿ ಕಾರ್ಬನ್ ಇರುವುದು ಶೇ. 0.4ರಷ್ಟು. ಅರ್ಧ ಗ್ರಾಂ ಎನಾಮೆಲ್ ಸಿಕ್ಕರೆ ಕಾರ್ಬನ್ 2 ಮಿಲಿಗ್ರಾಂ. ಹಳೆಯ ವಿಧಾನದಲ್ಲಿ ಕ್ಷಯವನ್ನು, ಅಂದರೆ ವಿಕಿರಣ ಸೂಸಿ ಬದಲಾಗುವ ಪರಮಾಣುಗಳನ್ನು, ಒಂದೊಂದಾಗಿ ಎಣಿಸಬೇಕು. ಒಂದು ಗ್ರಾಂ ಸಾಮಾನ್ಯ ಕಾರ್ಬನ್‌ನಲ್ಲಿ ನಿಮಿಷಕ್ಕೆ ಸುಮಾರು 13.6 ಕ್ಷಯ, ಅಂದರೆ ನಿಮ್ಮ ಹಲ್ಲಿನಲ್ಲಿ ಗಂಟೆಗೆ ಒಂದೂವರೆ ಚಿಲ್ಲರೆ, ಬಾಂಬಿನ ಕಾರ್ಬನ್ ಸೇರಿದರೂ ಮೂರರ ಆಸುಪಾಸು. ಉಪಕರಣದ ಸುತ್ತಲಿನ ಗದ್ದಲದಲ್ಲಿ ಅದು ಕೇಳಿಸುವುದೇ ಇಲ್ಲ. ಪರಮಾಣುಗಳನ್ನು ನೇರವಾಗಿ ಎಣಿಸುವ ವೇಗವರ್ಧಕ ವಿಧಾನ ಬೇಕು, ಅದು ನಮ್ಮ ಲೋಕದಲ್ಲಿ ಮೊದಲು ನಡೆದು ತೋರಿದ್ದು 1977ರಲ್ಲಿ. ನಿಮ್ಮ ಕವಲಿನ ವರ್ಷವೇ!

ಕತ್ತರಿ

ಕಥೆ ಸಿಕ್ಕಿತಲ್ಲ. ಅಲ್ಲಿ ಆ ಯಂತ್ರ ಬಂದಿಲ್ಲ. ಹಲ್ಲನ್ನು ಅಳೆಯಲು ಇಲ್ಲಿಗೇ ತರಬೇಕು. ಗಡಿ ದಾಟುವುದಕ್ಕೆ ನಿಮ್ಮ ಕರಡಿನಲ್ಲಿ ಇಲ್ಲಿಯವರೆಗೆ ಇದ್ದ ಕಾರಣ ಬರೀ ಕುತೂಹಲ, ಈಗ ಕೆಲಸ ಸಿಕ್ಕಿತು.

ಶಾನುಭೋಗರ_ಕಂತೆ

ಹಲ್ಲಿನ ಜೊತೆ ಇನ್ನೊಂದು ಕೆಲಸವನ್ನೂ ಹಚ್ಚಿ. ಅಲ್ಲಿ ಸುಟ್ಟ ದಾಖಲೆ ಇಲ್ಲಿ ಸುಟ್ಟಿಲ್ಲ. ಸುಟ್ಟದ್ದು 1977ರ ನಂತರ, ಬರೆದದ್ದು ಮುಂಚೆ. ಲಿಂಗನಮಕ್ಕಿ 1964ರಲ್ಲಿ ಮುಗಿದಾಗ ಹಳ್ಳಿ ಮುಳುಗಿದ್ದರೂ ಶಾಲೆಯ ದಾಖಲಾತಿ ಪುಸ್ತಕ ಸಾಗರ ಅಥವಾ ಹೊಸನಗರ ತಾಲ್ಲೂಕಿನ ಬೇರೆ ಶಾಲೆಗೆ ಸೇರಿತು ಎಂದಿಡಬಹುದು. ಅಲ್ಲಿಂದ ಬಂದವನು ಇಲ್ಲಿ ನಕಲಿಗೆ ಅರ್ಜಿ ಹಾಕಲಿ. ಗುರುತಿನ ಚೀಟಿ ಕೇಳಿದಾಗ ಏನು ತೋರಿಸುತ್ತಾನೆ ಎಂದು ಮೊದಲೇ ಯೋಚಿಸಿ. ಅವನ ಹೆಸರಿನ ಆಧಾರ್ ಇಲ್ಲಿಯ ಜೋಡಿಯ ಹತ್ತಿರ ಇರುತ್ತದೆ, ಬೆರಳಚ್ಚು ಇವನದಕ್ಕೂ ಹೊಂದುತ್ತದೆ.

ಅರ್ಧಾಯುಷ್ಯ

ಬೆರಳಚ್ಚಿನ ಆ ಎಳೆ ಬಹಳ ಚೆನ್ನಾಗಿದೆ. ಊರಿನ ಪ್ರಶ್ನೆಗೆ ಸ್ಟ್ರಾನ್ಷಿಯಂ (ಕಲ್ಲುಮಣ್ಣಿನಲ್ಲಿರುವ ಒಂದು ಲೋಹ) ಬಳಸಿ. ವಿಜಯಪುರದ ಕಡೆ ದಖನ್ನಿನ ಕಪ್ಪುಶಿಲೆ, ಅದರಲ್ಲಿ ಸ್ಟ್ರಾನ್ಷಿಯಂನ ಎರಡು ಬಗೆಗಳಾದ 87 ಮತ್ತು 86ರ ಅನುಪಾತ ಕಡಿಮೆ, ಸ್ಥೂಲವಾಗಿ 0.71ರ ಒಳಗೆ. ಮಲೆನಾಡು, ಹಳೇ ಮೈಸೂರಿನ ಪುರಾತನ ನೈಸ್ ಶಿಲೆಯಲ್ಲಿ ಹೆಚ್ಚು, ಹಲವೆಡೆ 0.72 ಮೀರುತ್ತದೆ. ಆ ನೀರು ಕುಡಿದು ಆ ಮಣ್ಣಿನ ಕಾಳು ತಿಂದ ಮಗುವಿನ ಎನಾಮೆಲ್‌ನಲ್ಲಿ ಅದು ಉಳಿಯುತ್ತದೆ. ಐವತ್ತರ ದಶಕದ ಹಳ್ಳಿಯ ಮಗು ಊರ ಬಾವಿ, ಊರ ಧಾನ್ಯದ ಮೇಲೆಯೇ ಬೆಳೆದಿರುತ್ತದಾದ್ದರಿಂದ ಗುರುತು ಸ್ವಚ್ಛವಾಗಿರುತ್ತದೆ. ಲಾರಿಯಲ್ಲಿ ಬಂದ ಅಕ್ಕಿ ತಿಂದ ಇಂದಿನ ಪೇಟೆ ಮಗುವಿಗೆ ಇದು ಸರಿಯಾಗಿ ನಡೆಯದು. ಈ ಅಳತೆಯ ಯಂತ್ರ ಎಪ್ಪತ್ತರ ದಶಕದಲ್ಲೇ ಇತ್ತು, ಅಲ್ಲಿಯೇ ಮಾಡಬಹುದು. ಆದರೆ ಇದರಿಂದ ಶರಾವತಿ ಎಂದು ಸಾಬೀತಾಗದು, ವಿಜಯಪುರ ಅಲ್ಲ ಎಂದಷ್ಟೇ. ಅಷ್ಟರಲ್ಲೇ ನಿಲ್ಲಿಸಿ, ಅರ್ಧ ಅನಿಶ್ಚಿತತೆ ಉಳಿಯಲಿ.

ಜೋಳದಹೊಲ

ಹಲ್ಲು ಕೊಡೋರು ಯಾರು?

ಮುದ್ರೆಯುಂಗುರ

ದಂತವೈದ್ಯ. ಶ್ಚೆಪಾನನಿಗೆ ಕ್ಷೌರಿಕನಿದ್ದಂತೆ. ಕುತ್ತಿಗೆಯ ಹತ್ತಿರ ಕೈ ಹೋಗುವವರು ಯಾವ ಸರ್ವಾಧಿಕಾರಿಗೂ ಇಬ್ಬರು ಮೂವರೇ ಇರುತ್ತಾರೆ.

ಅರೆಬೆಳಕು

ಹೀಗೆ ಮರುಜೋಡಿಸುತ್ತೇನೆ. 9ನೇ ಅಧ್ಯಾಯದಲ್ಲಿ ಸ್ಟ್ರಾನ್ಷಿಯಂ ಫಲಿತಾಂಶ ಸೋರಿ ವಿಜಯಪುರದ ಕಥೆ ಒಡೆಯುತ್ತದೆ, ಒಟ್ಟು 20 ಅಧ್ಯಾಯ. ಆಡಳಿತ ನಿರಾಕರಿಸುವುದಿಲ್ಲ, ಮಲೆನಾಡಿನವರನ್ನೂ ಬಯಲುಸೀಮೆಯವರನ್ನೂ ಸಾಕ್ಷಿಗೆ ಕರೆದು ಎರಡೂ ಕಡೆಗೆ ನೀರಾವರಿ ಹಣ ಕೊಡುತ್ತದೆ. ಎರಡು ಊರಿನವರು 'ನಮ್ಮವನೇ' ಎಂದು ಜಗಳಕ್ಕೆ ಬೀಳುತ್ತಾರೆ. ಕಾರ್ಬನ್ ಫಲಿತಾಂಶ 17ರಲ್ಲಿ ಇಲ್ಲಿಂದ ಬರುತ್ತದೆ. ಮೂರನೇ ವದಂತಿ, ದಾಟಿ ಬಂದವನು ಎಂಬುದನ್ನು, ತೆಗೆಯಲೇ?

ಕತ್ತರಿ

ತೆಗೆಯಬೇಡಿ, ಆದರೆ ಅದನ್ನು ಹಬ್ಬಿಸುವವನು ದಂಡನಾಯಕನೇ ಆಗಿರಲಿ. ಊರಿಲ್ಲದವನಿಗೆ ಜಾತಿಯೂ ಇಲ್ಲ, ದಾಯಾದಿಯೂ ಇಲ್ಲ, ಹಳೆಯ ಸಾಲವೂ ಇಲ್ಲ. ಅದರ ಲಾಭ ಯಾರಿಗೆ ಎಂದು ಕೇಳಿದರೆ ಉತ್ತರ ಒಂದೇ. ನೀರಾವರಿ ಹಣದ ಭಾಗ ಮಾತ್ರ 2,000 ಪದ ದಾಟದಿರಲಿ, ಇಲ್ಲದಿದ್ದರೆ ಅದೇ ಕಾದಂಬರಿಯಾಗುತ್ತದೆ.

ಅರ್ಧಾಯುಷ್ಯ

ಹಲ್ಲನ್ನು ಸಾಗಿಸುವ ದೃಶ್ಯಕ್ಕೆ ಒಂದು ತಿದ್ದುಪಡಿ: ಫಾರ್ಮಲಿನ್ (ಅಂಗಾಂಶ ಕೆಡದಂತೆ ಇಡುವ ದ್ರಾವಣ) ಸೀಸೆಯಲ್ಲಿ ಹಾಕಿಸಬೇಡಿ. ಅದರಲ್ಲೂ ಕಾರ್ಬನ್ ಇದೆ, ಪ್ರಯೋಗಾಲಯದವರು ಮೊದಲ ಪ್ರಶ್ನೆಯೇ ಅದನ್ನು ಕೇಳುತ್ತಾರೆ. ತೊಳೆದು, ಒಣಗಿಸಿ, ಕಾಗದದ ಲಕೋಟೆಯಲ್ಲಿ ಇಡಲಿ. ಎರಡು ಹಲ್ಲಿಗೆ ಎರಡು ಲಕೋಟೆ, ಮೇಲೆ ಯಾವುದು ಯಾವ ಹಲ್ಲು ಎಂದು ಪೆನ್ಸಿಲಿನಲ್ಲಿ ಬರೆದಿರಲಿ. ಬುದ್ಧಿ ಹಲ್ಲು, ಮೊದಲ ದವಡೆ ಹಲ್ಲು ಅದಲುಬದಲಾದರೆ ಏರಿಕೆ ತಪ್ಪು ಹಲ್ಲಿನಲ್ಲಿ ಕಾಣುತ್ತದೆ, ಆ ಹಲ್ಲಿನ ಲೆಕ್ಕದಲ್ಲಿ 1950ರವನು ಸುಮಾರು ಹತ್ತು ವರ್ಷ ಚಿಕ್ಕವನಾಗಿ ಕಾಣುತ್ತಾನೆ. ಅಂಥ ತಪ್ಪು ಬೇಕಿದ್ದರೆ ಆ ದಂತವೈದ್ಯನ ಕೈಯಿಂದಲೇ ಮಾಡಿಸಬಹುದು.